ಬರಹದ ಸಾಕ್ಷ್ಯ, ಬಾಯಿಯ ಸಾಕ್ಷ್ಯ: ಇಂಗ್ಲೆಂಡಿನ ಗ್ರಾಮನಾಮಗಳ ಉಚ್ಚಾರಣೆ ಮತ್ತು ವ್ಯುತ್ಪತ್ತಿ

ಸಾರಾಂಶ

ಇಂಗ್ಲೆಂಡಿನ ಅನೇಕ ಗ್ರಾಮನಾಮಗಳ ಬರಹರೂಪಕ್ಕೂ ಸ್ಥಳೀಯ ಉಚ್ಚಾರಣೆಗೂ ಇರುವ ಅಂತರವನ್ನು ಸಾಮಾನ್ಯವಾಗಿ ಇಂಗ್ಲಿಷ್ ಕಾಗುಣಿತದ ವಿಲಕ್ಷಣತೆಯೆಂದು ವಿವರಿಸಲಾಗುತ್ತದೆ. ಈ ಅಂತರವು ಕ್ರಮಬದ್ಧ ಧ್ವನಿ ಬದಲಾವಣೆಗಳ ಫಲವೆಂದೂ, ಸಾಮಾನ್ಯ ಪದಕೋಶದಲ್ಲಿ ನಡೆದ ಬದಲಾವಣೆಗಳೇ ಹೆಸರುಗಳಲ್ಲಿಯೂ ನಡೆದಿವೆಯೆಂದೂ ಈ ಲೇಖನವು ತೋರಿಸುತ್ತದೆ. ವ್ಯುತ್ಪತ್ತಿ ನಿರ್ಣಯದಲ್ಲಿ ಬರಹ ಮತ್ತು ಉಚ್ಚಾರಣೆಗಳು ಎರಡು ಪ್ರತ್ಯೇಕ ಸಾಕ್ಷ್ಯಗಳು. ಒಂದನ್ನೇ ನೆಚ್ಚಿದರೆ ತಪ್ಪು ನಿರ್ಣಯಕ್ಕೆ ಎಡೆಯಾಗುತ್ತದೆ. ಬರಹಾನುಸಾರಿ ಉಚ್ಚಾರಣೆಯ ಹರಡುವಿಕೆಯಿಂದ ಎರಡನೆಯ ಸಾಕ್ಷ್ಯವು ಅಳಿಯುತ್ತಿರುವುದನ್ನು ಲೇಖನದ ಕೊನೆಯ ಭಾಗವು ಪರಿಶೀಲಿಸುತ್ತದೆ.

ಕೀಲಿಪದಗಳು: ಸ್ಥಳನಾಮ, ಹಳೆಯ ಇಂಗ್ಲಿಷ್, ಸ್ವರಾಘಾತ, ಧ್ವನಿಲೋಪ, ಬರಹಾನುಸಾರಿ ಉಚ್ಚಾರಣೆ, ಲಿಪ್ಯಂತರ

1. ಪೀಠಿಕೆ

ಇಂಗ್ಲೆಂಡಿನ ಪೂರ್ವ ತೀರದ ನಾರ್ಫೋಕ್ ಪ್ರಾಂತದಲ್ಲಿ 'ಹಪ್ಪಿಸ್‌ಬರ್ಘ್' ಎಂದು ಬರೆಯಲಾಗುವ ಒಂದು ಗ್ರಾಮವಿದೆ. ಅಲ್ಲಿಯವರು ಅದನ್ನು /ಹೇಜ಼್‌ಬ್ರ/ ಎನ್ನುತ್ತಾರೆ. ಅದೇ ಪ್ರಾಂತದ 'ವಿಮೊಂಡ್‌ಹಮ್' /ವಿಂಡಮ್/ ಆಗಿದೆ, 'ಕೊಸ್ಟೆಸ್ಸಿ' /ಕೊಸಿ/ ಆಗಿದೆ. ಚೆಶರ್ ಪ್ರಾಂತದ 'ಚೊಲ್ಮೊಂಡೆಲಿ' /ಚಮ್ಲಿ/ ಆಗಿದೆ. ಇಂತಹ ಪಟ್ಟಿಗಳನ್ನು ಪ್ರವಾಸಿ ಕೈಪಿಡಿಗಳು ವಿನೋದಕ್ಕಾಗಿ ಕೊಡುತ್ತವೆ; ಇಂಗ್ಲಿಷ್ ಕಲಿಯುವವರಿಗೆ ಇವು ತೊಡಕಿನ ಉದಾಹರಣೆಗಳಾಗಿ ಕಾಣುತ್ತವೆ. ಭಾಷಾವಿಜ್ಞಾನಕ್ಕೆ ಇವು ಮುಖ್ಯವಾಗುವುದು ಬೇರೆಯೇ ಕಾರಣಕ್ಕೆ. ಒಂದು ಹೆಸರು ಸುಮಾರು ಒಂದು ಸಾವಿರ ವರ್ಷಗಳ ಕಾಲ ಒಂದೇ ನೆಲದಲ್ಲಿ, ತಲೆಮಾರಿನಿಂದ ತಲೆಮಾರಿಗೆ ಬಾಯಿಂದ ಬಾಯಿಗೆ ಸಾಗಿಬಂದಾಗ ಏನಾಗುತ್ತದೆ ಎಂಬುದನ್ನು ಇವುಗಳಲ್ಲಿ ಕಾಣಬಹುದು. ಅದೇ ಅವಧಿಯಲ್ಲಿ ಆ ಹೆಸರು ದಾಖಲೆಗಳಲ್ಲಿ ನಕಲುಗೊಳ್ಳುತ್ತ ಬಂದದ್ದರ ಪರಿಣಾಮವೂ ಇವುಗಳಲ್ಲೇ ಉಳಿದಿದೆ.

ಲೇಖನದಲ್ಲಿ ಅನುಸರಿಸಿರುವ ಲೇಖನಕ್ರಮವನ್ನು ಇಲ್ಲಿಯೇ ಸ್ಪಷ್ಟಪಡಿಸುವುದು ಉಚಿತ. ಒಂಟಿ ಉದ್ಧರಣ ಚಿಹ್ನೆಗಳೊಳಗೆ ಕೊಟ್ಟಿರುವುದು ಇಂದಿನ ಇಂಗ್ಲಿಷ್ ಕಾಗುಣಿತವನ್ನು ಅಕ್ಷರಕ್ಕೆ ಸಮೀಪವಾಗಿ ಲಿಪ್ಯಂತರಿಸಿದ ರೂಪ. ಓರೆಗೆರೆಗಳ ನಡುವೆ ಇರುವುದು ಉಚ್ಚಾರಣೆ. ಹಳೆಯ ಇಂಗ್ಲಿಷ್, ಹಳೆಯ ನಾರ್ಸ್ ಮತ್ತು ಹಳೆಯ ಫ್ರೆಂಚ್ ಪದಗಳನ್ನು ಚಿಹ್ನೆಯಿಲ್ಲದೆ ಕೊಟ್ಟಿದೆ. ಇಂಗ್ಲಿಷಿನ ಆಘಾತರಹಿತ ನಡುಸ್ವರಕ್ಕೆ ಕನ್ನಡದಲ್ಲಿ ಪ್ರತ್ಯೇಕ ಚಿಹ್ನೆಯಿಲ್ಲದ ಕಾರಣ 'ಅ' ಬಳಸಿದೆ. ಹ್ರಸ್ವ ವಿವೃತ ಹಿಂಸ್ವರಕ್ಕೆ 'ಒ' ಬಳಸಿದೆ. ಘೋಷ ವರ್ತ್ಸ್ಯ ಘರ್ಷಕ್ಕೆ 'ಜ಼' ಬಳಸಿದೆ.

2. ಗ್ರಾಮನಾಮಗಳ ರಚನೆ

ಇಂಗ್ಲೆಂಡಿನ ಬಹುಪಾಲು ಗ್ರಾಮನಾಮಗಳು ಹಳೆಯ ಇಂಗ್ಲಿಷ್ ಕಾಲದ ಸಮಾಸಗಳು. ಕನ್ನಡ ಸ್ಥಳನಾಮ ಅಧ್ಯಯನದಲ್ಲಿ ರೂಢಿಯಲ್ಲಿರುವ ಪರಿಭಾಷೆಯಲ್ಲಿ ಹೇಳುವುದಾದರೆ, ಮೊದಲ ಘಟಕ ನಿರ್ದಿಷ್ಟ, ಎರಡನೆಯದು ವಾರ್ಗಿಕ. ನಿರ್ದಿಷ್ಟ ಘಟಕವು ಒಬ್ಬ ವ್ಯಕ್ತಿಯ ಹೆಸರೋ, ಪ್ರಾಣಿ, ಸಸ್ಯ ಅಥವಾ ಬೆಳೆಯ ಹೆಸರೋ ಆಗಿರಬಹುದು. ವಾರ್ಗಿಕಗಳಲ್ಲಿ ಕೆಲವು ಪದೇಪದೇ ಬರುತ್ತವೆ: ತೂನ್ (ಬೇಲಿಯೊಳಗಿನ ವಸತಿ, ಹಳ್ಳಿ), ಹಾಮ್ (ವಸತಿ, ಮನೆತಾಣ), ಲೇಆಹ್ (ಕಾಡು, ಕಾಡಿನ ನಡುವಣ ಬಯಲು), ಬುರ್ಹ್ (ಕೋಟೆಕಟ್ಟಿದ ತಾಣ), ಏಯ್ (ದ್ವೀಪ, ಜೌಗಿನ ನಡುವಣ ಒಣನೆಲ), ವೀಚ್ ಅಥವಾ ವೀಕ್ (ವಿಶೇಷ ಉತ್ಪನ್ನದ ಸಾಕಣೆತಾಣ), ವೊರ್ಥಿ (ಆವರಣ). 9ನೆಯ ಶತಮಾನದಿಂದ ಸ್ಕ್ಯಾಂಡಿನೇವಿಯನ್ನರು ನೆಲಸಿದ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ಬ್ಯೂ (ಗ್ರಾಮ), ಥ್ವೇಟ್ (ಕಾಡು ಕಡಿದ ಬಯಲು) ಮುಂತಾದ ನಾರ್ಸ್ ವಾರ್ಗಿಕಗಳು ಸೇರಿದವು. 1066ರ ನಾರ್ಮನ್ ವಿಜಯದ ಬಳಿಕ ಅಲ್ಪಸಂಖ್ಯೆಯ ಫ್ರೆಂಚ್ ಹೆಸರುಗಳೂ ಬಂದವು.

ನಿರ್ದಿಷ್ಟ ಘಟಕವು ವ್ಯಕ್ತಿನಾಮವಾಗಿದ್ದಲ್ಲಿ ಅದು ಅನೇಕ ವೇಳೆ ಷಷ್ಠೀ ವಿಭಕ್ತಿಯಲ್ಲಿರುತ್ತದೆ. ಪ್ರಬಲ ಪುಲ್ಲಿಂಗ ನಾಮಗಳಲ್ಲಿ ಆ ಪ್ರತ್ಯಯ -ಎಸ್. ಸ್ಥಳನಾಮಗಳು ಮಾತಿನಲ್ಲಿ ಹೆಚ್ಚಾಗಿ 'ಅಲ್ಲಿ', 'ಇಂತಹ ಊರಿನಲ್ಲಿ' ಎಂಬ ಅರ್ಥದ ಉಪಸರ್ಗದೊಡನೆ ಬರುತ್ತಿದ್ದುದರಿಂದ ವಾರ್ಗಿಕಗಳು ಚತುರ್ಥೀ ರೂಪದಲ್ಲಿಯೂ ಸ್ಥಿರಗೊಂಡಿವೆ. ಇಂದು ಒಂದೇ ಬುರ್ಹ್ ಎಂಬ ಪದವು '-ಬರ್ಘ್', '-ಬರೋ', '-ಬರಿ' ಎಂಬ ಭಿನ್ನರೂಪಗಳಲ್ಲಿ ಕಾಣಲು ಕಾರಣ ಇದು: ಮೊದಲೆರಡರ ಹಿಂದೆ ಬುರ್ಹ್ ಎಂಬ ಪ್ರಥಮಾ ರೂಪವಿದೆ, ಮೂರನೆಯದರ ಹಿಂದೆ ಅದರ ಚತುರ್ಥೀ ರೂಪವಾದ ಬ್ಯುರಿಯ್ ಇದೆ. ಇಂಗ್ಲಿಷ್ ಭಾಷೆಯು ನಾಮಪದಗಳ ವಿಭಕ್ತಿ ವ್ಯವಸ್ಥೆಯನ್ನು ಬಹುಮಟ್ಟಿಗೆ ಕಳೆದುಕೊಂಡು ಶತಮಾನಗಳಾದರೂ ಅದರ ಕುರುಹುಗಳು ಗ್ರಾಮನಾಮಗಳಲ್ಲಿ ಉಳಿದುಕೊಂಡಿವೆ.

3. ಸವಕಳಿಯ ಕ್ರಮ

ಹಳೆಯ ಇಂಗ್ಲಿಷಿನಲ್ಲಿ ನಾಮಪದದ ಸ್ವರಾಘಾತವು ಸಾಮಾನ್ಯವಾಗಿ ಮೊದಲ ಉಚ್ಚಾರಾಂಶದ ಮೇಲೆ ಬೀಳುತ್ತಿತ್ತು. ಸಮಾಸದಲ್ಲಿ ಎರಡನೆಯ ಘಟಕಕ್ಕೆ ದುರ್ಬಲವಾದ ಆಘಾತ ಉಳಿಯುತ್ತಿತ್ತು. ಸಮಾಸದ ಅರ್ಥ ಮಸುಕಾದಂತೆ ಅದೂ ಇಲ್ಲವಾಗುತ್ತಿತ್ತು. ಗ್ರಾಮನಾಮದಲ್ಲಿ ಅರ್ಥವು ಬೇಗ ಮಸುಕಾಗುತ್ತದೆ. ವೀಗ್‌ಮುಂಡನೆಂಬ ವ್ಯಕ್ತಿ ಮರೆತುಹೋದ ಮೇಲೆ ಅವನ 'ಹಾಮ್' ಕೇವಲ ಒಂದು ಊರನ್ನು ಗುರುತಿಸುವ ಸದ್ದು. ಹೀಗೆ ಅರ್ಥದ ಬೆಂಬಲ ಕಳೆದುಕೊಂಡ, ಆಘಾತವಿಲ್ಲದ ಉಚ್ಚಾರಾಂಶಗಳ ಮೇಲೆ ಧ್ವನಿ ಬದಲಾವಣೆಗಳು ಅಡೆತಡೆಯಿಲ್ಲದೆ ನಡೆದವು. ಅವುಗಳಲ್ಲಿ ಮುಖ್ಯವಾದವನ್ನು, ಸಾಮಾನ್ಯ ಪದಕೋಶದ ಸಮಾನಾಂತರ ಉದಾಹರಣೆಗಳೊಡನೆ, ಹೀಗೆ ವಿಂಗಡಿಸಬಹುದು.

ಮೊದಲನೆಯದು, ಆಘಾತರಹಿತ ಸ್ವರದ ಹಿಂದಣ ವಕಾರ ಮತ್ತು ಹಕಾರಗಳ ಲೋಪ. 'ಗ್ರೀನ್‌ವಿಚ್' /ಗ್ರೆನಿಚ್/ ಆದದ್ದು, 'ನಾರ್‌ವಿಚ್' /ನೊರಿಜ್/ ಆದದ್ದು, 'ಕೆಸ್‌ವಿಕ್' /ಕೆಜ಼ಿಕ್/ ಆದದ್ದು ಈ ಕ್ರಮದಲ್ಲಿ. 'ಉತ್ತರ' ಎಂಬರ್ಥದ 'ಆನ್ಸ್‌ವರ್' ಪದದಲ್ಲಿ ವಕಾರ ಬರಹದಲ್ಲಿದ್ದು ಮಾತಿನಲ್ಲಿ ಇಲ್ಲದಿರುವುದಕ್ಕೂ ಇದೇ ಕಾರಣ. ಹಾಮ್ ಎಂಬ ವಾರ್ಗಿಕವು ಎಲ್ಲೆಡೆ /-ಅಮ್/ ಆಗಿರುವುದು ಹಕಾರ ಲೋಪದಿಂದ. 'ಕುರಿಗಾಹಿ' ಎಂಬರ್ಥದ 'ಶೆಪ್‌ಹರ್ಡ್' /ಶೆಪರ್ಡ್/ ಆಗಿರುವುದನ್ನು ಇದರೊಡನೆ ಹೋಲಿಸಬಹುದು.

ಎರಡನೆಯದು, ಮೊದಲ ಉಚ್ಚಾರಾಂಶದ ದೀರ್ಘಸ್ವರದ ಹ್ರಸ್ವೀಕರಣ. ಸಮಾಸದಲ್ಲಿ ದೀರ್ಘಸ್ವರದ ಬಳಿಕ ವ್ಯಂಜನ ಗುಚ್ಛ ಬಂದಾಗ ಆ ಸ್ವರ ಹ್ರಸ್ವವಾಗುತ್ತದೆ. 'ಗ್ರೀನ್' ಎಂಬ ಪದ ಒಂಟಿಯಾಗಿದ್ದಾಗ ದೀರ್ಘ, /ಗ್ರೆನಿಚ್/ನಲ್ಲಿ ಹ್ರಸ್ವ. 'ಶೀಪ್' ದೀರ್ಘ, /ಶೆಪರ್ಡ್/ನಲ್ಲಿ ಹ್ರಸ್ವ. 'ವೈಸ್' ಎಂಬುದರಿಂದ /ವಿಜ಼್ಡಮ್/ ಹುಟ್ಟಿದ್ದೂ ಇದೇ ಕ್ರಮದಲ್ಲಿ.

ಮೂರನೆಯದು, ವ್ಯಂಜನ ಗುಚ್ಛದ ಸರಳೀಕರಣ ಮತ್ತು ಸಮೀಕರಣ. 'ವಿಮೊಂಡ್‌ಹಮ್' ಹೆಸರು 1086ರ ಡೂಮ್ಸ್‌ಡೇ ಸಮೀಕ್ಷೆಯಲ್ಲಿ ವಿಮುಂಡ್‌ಹಾಮ್ ಎಂಬ ರೂಪದಲ್ಲಿದೆ. ನಡುವಣ ಆಘಾತರಹಿತ ಸ್ವರ ಲೋಪವಾದರೆ ಮಕಾರ, ನಕಾರ, ಡಕಾರಗಳು ಒಟ್ಟುಗೂಡುತ್ತವೆ, ಡಕಾರದ ಮುಂದೆ ಮಕಾರವು ನಕಾರದೊಳಗೆ ಲೀನವಾಗುತ್ತದೆ, /ವಿಂಡಮ್/ ಉಳಿಯುತ್ತದೆ. 'ಚೊಲ್ಮೊಂಡೆಲಿ'ಯ ಮೂಲ ಚೆಯೊಲ್‌ಮುಂಡ್ ಎಂಬ ವ್ಯಕ್ತಿನಾಮ ಮತ್ತು ಲೇಆಹ್. ಇಲ್ಲಿ ಮಕಾರದ ಹಿಂದಣ ಲಕಾರವು 'ಶಾಂತ' ಎಂಬರ್ಥದ 'ಕಾಲ್ಮ್' ಪದದಲ್ಲಿ ಲೋಪವಾದಂತೆಯೇ ಲೋಪವಾಗಿದೆ. ಸ್ವರ ಬಿದ್ದುಹೋದ ಬಳಿಕ ಉಳಿದ ಗುಚ್ಛವು ಸರಳಗೊಂಡು /ಚಮ್ಲಿ/ ದೊರೆತಿದೆ. 'ಕೊಸ್ಟೆಸ್ಸಿ'ಯಲ್ಲಿ ಸಕಾರದ ನಂತರದ ಟಕಾರ ಹೋಗಿರುವುದು 'ಕಾಸ್ಟ್‌ಲ್' /ಕಾಸಲ್/ ಆಗಿರುವುದಕ್ಕೆ ಸಮಾನ.

ನಾಲ್ಕನೆಯದು, ಷಷ್ಠೀ ಪ್ರತ್ಯಯದ ಘೋಷೀಕರಣ. 'ಹಪ್ಪಿಸ್‌ಬರ್ಘ್' /ಹೇಜ಼್‌ಬ್ರ/, ಕೆಂಟ್ ಪ್ರಾಂತದ 'ಟ್ರೊಟ್ಟಿಸ್‌ಕ್ಲಿಫ್' /ಟ್ರೊಜ಼್ಲಿ/, ಡೆವನ್ ಪ್ರಾಂತದ 'ವುಲ್ಫಾರ್ಡಿಸ್‌ವರ್ದಿ' /ವುಲ್ಜ಼ರಿ/ ಎಂಬ ಮೂರು ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮೂರರಲ್ಲಿಯೂ 'ಜ಼' ಉಳಿದಿರುವುದು ಗಮನಕ್ಕೆ ಬರುತ್ತದೆ. ಮೂರೂ ಹೆಸರುಗಳ ಮೊದಲ ಘಟಕ ವ್ಯಕ್ತಿನಾಮದ ಷಷ್ಠೀ ರೂಪ. ಆಘಾತರಹಿತ -ಎಸ್ ಪ್ರತ್ಯಯವು ಘೋಷವಾಗುವುದು ಮಧ್ಯಕಾಲೀನ ಇಂಗ್ಲಿಷಿನ ವ್ಯಾಪಕ ಬದಲಾವಣೆ. ಇಂದಿನ ಬಹುವಚನ ಪ್ರತ್ಯಯದ ಘೋಷರೂಪವೂ ಅದರಿಂದಲೇ ಬಂದದ್ದು. ವುಲ್ಫ್‌ಹೆಯಾರ್ಡ್ ಎಂಬ ವ್ಯಕ್ತಿಯ ಹೆಸರಿನ ಅರ್ಧಭಾಗ /ವುಲ್ಜ಼ರಿ/ಯಲ್ಲಿ ಸವೆದುಹೋಗಿದೆ; ಅವನಿಗೂ ಆ ನೆಲಕ್ಕೂ ಇದ್ದ ಸಂಬಂಧವನ್ನು ಸೂಚಿಸಿದ ವಿಭಕ್ತಿ ಪ್ರತ್ಯಯ ಮಾತ್ರ ಒಂದು ಧ್ವನಿಯಾಗಿ ನಿಂತಿದೆ.

ಐದನೆಯದು, ಘರ್ಷ ವ್ಯಂಜನಗಳ ಸ್ವರೀಕರಣ ಮತ್ತು ಲೋಪ. ನಾರ್ಫೋಕಿನ 'ಸ್ಟಿಫ್‌ಕೀ' ಗ್ರಾಮದ ಸಾಂಪ್ರದಾಯಿಕ ಉಚ್ಚಾರ /ಸ್ಟ್ಯೂಕಿ/. ಇದರ ಘಟಕಗಳು ಸ್ಟಿಫಿಕ್ (ಮರದ ಬುಡ, ಮೋಟು) ಮತ್ತು ಏಯ್. ಹಳೆಯ ಇಂಗ್ಲಿಷಿನಲ್ಲಿ ಸ್ವರಗಳ ನಡುವಣ ಫಕಾರವು ಘೋಷವಾಗಿ, ವಕಾರದಂತೆ ಉಚ್ಚರಿತವಾಗುತ್ತಿತ್ತು. ಮುಂದಿನ ಸ್ವರ ಲೋಪವಾಗಿ ಆ ಧ್ವನಿ ಕಕಾರದ ಪಕ್ಕಕ್ಕೆ ಬಂದಾಗ ಅದು ಸ್ವರದೊಳಗೆ ಕರಗಿತು. ಡೇಗೆ ಹಕ್ಕಿಗೆ ಹಳೆಯ ಇಂಗ್ಲಿಷಿನಲ್ಲಿದ್ದ ಹಫೊಕ್ ಎಂಬ ಪದ ಇಂದು /ಹಾಕ್/ ಆಗಿರುವುದು ಇದೇ ಬದಲಾವಣೆಯಿಂದ. ಬುರ್ಹ್ ಪದದ ಕೊನೆಯ ಕಂಠ್ಯ ಘರ್ಷಕ್ಕೆ ಎರಡು ಗತಿಗಳಾದವು. ಲಿಂಕನ್‌ಶರ್‌ನ 'ಬರ್ಘ್ ಲೆ ಮಾರ್ಷ್' ಗ್ರಾಮದಲ್ಲಿ ಅದು ಲೋಪವಾಗಿ /ಬರ/ ಉಳಿದಿದೆ. ಕಂಬ್ರಿಯಾದ 'ಬರ್ಘ್ ಬೈ ಸ್ಯಾಂಡ್ಸ್' ಗ್ರಾಮದಲ್ಲಿ ಅದು ಫಕಾರವಾಗಿ /ಬ್ರಫ್/ ಆಗಿದೆ. ಸಾಮಾನ್ಯ ಪದಗಳಾದ 'ದೋ' ಮತ್ತು 'ರಫ್' ಇಂದು ಒಂದೇ ಬಗೆಯ ಬರಹಾಂತ್ಯವಿದ್ದೂ ಬೇರೆಬೇರೆಯಾಗಿ ಉಚ್ಚರಿತವಾಗುವುದು ಇದೇ ಇಬ್ಬಗೆಯ ಫಲ.

ಈ ಐದು ವರ್ಗಗಳಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಹೆಸರುಗಳಿಗೆಂದೇ ಮೀಸಲಾದ ವಿಚಿತ್ರ ನಿಯಮಗಳಿಲ್ಲ. ಭಾಷೆಯಲ್ಲಿ ಎಲ್ಲೆಡೆ ನಡೆದ ಬದಲಾವಣೆಗಳು ಇಲ್ಲಿ ಹೆಚ್ಚು ಸಾಂದ್ರವಾಗಿ, ಒಂದರ ಮೇಲೊಂದು ಸೇರಿ ನಡೆದಿವೆ.

4. ಅಂತರ ಹುಟ್ಟಿದ್ದು ಎಲ್ಲಿ?

ಸವಕಳಿ ಸಹಜವಾದರೆ ಬರಹವು ಅದನ್ನು ಏಕೆ ಹಿಂಬಾಲಿಸಲಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಕೆಲವೆಡೆ ಹಿಂಬಾಲಿಸಿತು. ಸಸೆಕ್ಸ್ ತೀರದ ಬ್ರೈಟನ್ ಮೊದಲು ಬೆಯೊರ್ಹ್ಟ್‌ಹೆಲ್ಮ್ ಎಂಬುವನ ತೂನ್. ಬಹುಕಾಲ ಅದನ್ನು 'ಬ್ರೈಟ್‌ಹೆಲ್ಮ್‌ಸ್ಟೋನ್' ಎಂದು ಬರೆಯುತ್ತಿದ್ದರು. ಮೀನುಗಾರರ ಆ ಊರು ವಿಹಾರಧಾಮವಾಗಿ ಬೆಳೆದ ಕಾಲದಲ್ಲಿ, 19ನೆಯ ಶತಮಾನದ ಆರಂಭದ ಹೊತ್ತಿಗೆ, ಮಾತಿನ ಕಿರುರೂಪವೇ ಬರಹದಲ್ಲಿಯೂ ನೆಲೆಯೂರಿತು. ಬ್ರೈಟನ್ ಹೆಸರು ಕಳೆದುಕೊಂಡ ಧ್ವನಿಗಳು /ಚಮ್ಲಿ/ ಕಳೆದುಕೊಂಡ ಧ್ವನಿಗಳಿಗಿಂತ ಕಡಿಮೆಯೇನಲ್ಲ. ಆದರೂ ಬ್ರೈಟನ್ ಉಚ್ಚಾರವನ್ನು ಯಾರೂ ವಿಚಿತ್ರವೆನ್ನುವುದಿಲ್ಲ, ಏಕೆಂದರೆ ಅದರ ಕಾಗುಣಿತವನ್ನು ಪರಿಷ್ಕರಿಸಲಾಗಿದೆ. ಅಂದರೆ ನಮಗೆ ಕಾಣುವ ವೈಚಿತ್ರ್ಯವು ಬರಹ ಮತ್ತು ಮಾತುಗಳ ಕಾಲವ್ಯತ್ಯಾಸದ ಅಳತೆ. ಬಾಯಿಯಲ್ಲಿ ನಡೆದ ಬದಲಾವಣೆಯ ಪ್ರಮಾಣವನ್ನು ಅದರಿಂದ ಅಳೆಯಲಾಗದು.

ಹಳ್ಳಿಗಳ ಹೆಸರುಗಳಲ್ಲಿ ಈ ಕಾಲವ್ಯತ್ಯಾಸ ಹೆಚ್ಚಾಗಲು ಅವು ಬಳಕೆಯಾಗುತ್ತಿದ್ದ ಎರಡು ವಲಯಗಳು ಕಾರಣ. ಹೆಸರನ್ನು ದಿನವೂ ಉಚ್ಚರಿಸುತ್ತಿದ್ದವರು ಅದನ್ನು ಬರೆಯುವ ಸಂದರ್ಭ ಅಪರೂಪ. ಅದನ್ನು ಬರೆಯುತ್ತಿದ್ದವರು ರಾಜಾಡಳಿತದ, ಧರ್ಮಾಡಳಿತದ, ಭೂಮಾಲೀಕರ ಲಿಪಿಕಾರರು. ಅವರು ಹಿಂದಿನ ಪತ್ರವನ್ನು ನೋಡಿ ಬರೆಯುತ್ತಿದ್ದರು. ಭೂದಾಖಲೆಯಲ್ಲಿ ಹಕ್ಕಿನ ನಿರಂತರತೆಗೆ ಹೆಸರಿನ ನಿರಂತರತೆ ಬೇಕು. ಹೀಗೆ ದಾಖಲೆಯ ರೂಪವು ಸಂಪ್ರದಾಯಬದ್ಧವಾಯಿತು. ಡೂಮ್ಸ್‌ಡೇ ಸಮೀಕ್ಷೆಯ ಲಿಪಿಕಾರರು ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದರು ಎಂಬುದನ್ನೂ ನೆನಪಿಡಬೇಕು. ಹಳೆಯ ಇಂಗ್ಲಿಷಿನ ಕೆಲವು ಧ್ವನಿಗಳಿಗೆ ಆ ಬರಹ ಪದ್ಧತಿಯಲ್ಲಿ ಸೂಕ್ತ ಚಿಹ್ನೆಗಳಿರಲಿಲ್ಲ. ಲ್ಯಾಟಿನ್ ಕಾಸ್ತ್ರಾ ಎಂಬುದರಿಂದ ಬಂದ ಚೆಯಸ್ಟರ್ (ರೋಮನ್ ನೆಲೆ) ಎಂಬ ಘಟಕದ ಸ್ಪರ್ಶಘರ್ಷವು ಕೆಲವು ಹೆಸರುಗಳಲ್ಲಿ ಸಕಾರವಾಗಿರುವುದಕ್ಕೆ ನಾರ್ಮನ್ ಪ್ರಭಾವವನ್ನು ಕಾರಣವಾಗಿ ಹೇಳಲಾಗುತ್ತದೆ. ಗ್ಲಾಸ್ಟರ್‌ಶರ್‌ನ 'ಫ್ರೊಸೆಸ್ಟರ್' ಗ್ರಾಮವು /ಫ್ರೊಸ್ಟರ್/ ಆಗಿದ್ದರೆ, ಮ್ಯಾಂಚೆಸ್ಟರ್ ಅದೇ ಘಟಕದ ಮೂಲ ಚಕಾರವನ್ನು ಉಳಿಸಿಕೊಂಡಿದೆ.

ದಾಖಲೆಯ ಹೊರಗೆ, ಬಳಕೆಗಾಗಿ ಬರೆದವರು ಕಿವಿಯನ್ನು ನಂಬಿದ ನಿದರ್ಶನಗಳೂ ಇವೆ. 'ಹಪ್ಪಿಸ್‌ಬರ್ಘ್' ತೀರದಾಚೆಯ ಮರಳುದಿಬ್ಬವು ನಾವಿಕರ ನಕ್ಷೆಗಳಲ್ಲಿ 'ಹೇಸ್‌ಬರೋ' ಎಂಬ ರೂಪದಲ್ಲಿದೆ. 'ಟ್ರೊಟ್ಟಿಸ್‌ಕ್ಲಿಫ್' ಬಳಿಯ ಉದ್ಯಾನದ ಹೆಸರನ್ನು 'ಟ್ರೊಸ್ಲಿ' ಎಂದು ಬರೆಯುತ್ತಾರೆ. ಡೆವನ್‌ನ ಗ್ರಾಮವನ್ನು 'ವುಲ್ಫಾರ್ಡಿಸ್‌ವರ್ದಿ' ಎಂದೂ 'ವುಲ್ಸರಿ' ಎಂದೂ ಫಲಕಗಳಲ್ಲಿ ಕಾಣಬಹುದು. ಒಂದೇ ಹೆಸರಿನ ಎರಡು ಕಾಲಘಟ್ಟಗಳು ಅಕ್ಕಪಕ್ಕದಲ್ಲಿ ಬರಹಕ್ಕೆ ಬಂದಿರುವ ಇಂತಹ ಸ್ಥಳಗಳು ಸಂಶೋಧಕರಿಗೆ ವಿಶೇಷವಾಗಿ ಉಪಯುಕ್ತ.

5. ಎರಡು ಸಾಕ್ಷ್ಯಗಳು ಭಿನ್ನವಾದಾಗ

ಬರಹವು ಹಳೆಯದಾದ್ದರಿಂದ ಅದೇ ಹೆಚ್ಚು ವಿಶ್ವಾಸಾರ್ಹ ಎಂದು ತೀರ್ಮಾನಿಸುವುದು ಸುಲಭ. ಆದರೆ ನಾರ್ಫೋಕಿನ 'ಹೌಟ್‌ಬೊಯ್ಸ್' ಎಂಬ ಹೆಸರು ಆ ತೀರ್ಮಾನವನ್ನು ಒಪ್ಪುವುದಿಲ್ಲ. ಬರಹವನ್ನು ನೋಡಿದರೆ ಇದು 'ಎತ್ತರದ ಕಾಡು' ಎಂಬರ್ಥದ ಫ್ರೆಂಚ್ ಹೆಸರು. ಊರಿನ ಉಚ್ಚಾರ /ಹೊಬಿಸ್/. ಫ್ರೆಂಚ್ ಹೆಸರನ್ನು ಹಳ್ಳಿಗರು ಕೆಡಿಸಿದರು ಎಂದು ಭಾವಿಸಲು ಇಲ್ಲಿ ಎಲ್ಲ ಅವಕಾಶವೂ ಇದೆ. ಆದರೆ ಡೂಮ್ಸ್‌ಡೇ ಸಮೀಕ್ಷೆಯ ರೂಪವು ಹೊಬ್- ಎಂದು ಆರಂಭವಾಗುತ್ತದೆ. ವಿದ್ವಾಂಸರು ಅದನ್ನು ಹುಲ್ಲುಗುಪ್ಪೆ ಮತ್ತು ಹುಲ್ಲುಗಾವಲು ಎಂಬರ್ಥದ ಹಳೆಯ ಇಂಗ್ಲಿಷ್ ಘಟಕಗಳಿಗೆ ಸಂಬಂಧಿಸಿದ್ದಾರೆ. ಫ್ರೆಂಚ್ ಬಲ್ಲ ಲಿಪಿಕಾರರು ಅರ್ಥವಾಗದ ಹೆಸರಿಗೆ ತಮಗೆ ಅರ್ಥವಾಗುವ ಉಡುಪು ತೊಡಿಸಿದರು. ಇಲ್ಲಿ ಕೆಟ್ಟಿರುವುದು ಬರಹ, ಉಳಿದಿರುವುದು ಬಾಯಿ.

ಇದಕ್ಕೆ ಎದುರಾಗಿ ಲೆಸ್ಟರ್‌ಶರ್‌ನ 'ಬೆಲ್‌ವೊಯ್ರ್' ಹೆಸರನ್ನು ಇಡಬಹುದು. ಇದು ನಿಜವಾಗಿಯೂ ನಾರ್ಮನ್ನರು ತಂದ ಫ್ರೆಂಚ್ ಹೆಸರು; ಅರ್ಥ 'ಸುಂದರ ನೋಟ'. ಉಚ್ಚಾರ /ಬೀವರ್/. ಕಿವಿಯೊಂದನ್ನೇ ನಂಬಿದವರು ಇದರಲ್ಲಿ ಬೀವರ್ ಎಂಬ ನೀರ್ಪ್ರಾಣಿಯನ್ನು ಕಾಣುತ್ತಾರೆ. ಯಾರ್ಕ್‌ಶರ್‌ನ ಬೆವರ್ಲಿಯಂತಹ ಹೆಸರುಗಳಲ್ಲಿ ಆ ಪ್ರಾಣಿ ನಿಜವಾಗಿಯೂ ಇರುವುದರಿಂದ ಊಹೆಗೆ ಬಲವೂ ಸಿಗುತ್ತದೆ. ಇಲ್ಲಿ ಬರಹವೇ ಸರಿಯಾದ ದಾರಿ ತೋರಿಸುತ್ತದೆ. ಹ್ಯಾಂಪ್‌ಶರ್‌ನ 'ಬ್ಯೂಲಿಯು' /ಬ್ಯೂಲಿ/ಯೂ ಇದೇ ಬಗೆಯದು: 13ನೆಯ ಶತಮಾನದ ಆರಂಭದಲ್ಲಿ ಜಾನ್ ದೊರೆಯ ಆಶ್ರಯದಲ್ಲಿ ಸ್ಥಾಪಿತವಾದ ಸಿಸ್ಟರ್ಶಿಯನ್ ಮಠಕ್ಕೆ ಇಟ್ಟ, 'ಸುಂದರ ತಾಣ' ಎಂಬರ್ಥದ ಹೆಸರು.

ಹೀಗೆ ಒಂದು ಹೆಸರಿನಲ್ಲಿ ಫ್ರೆಂಚ್ ಬರಹ ಸುಳ್ಳು, ಇನ್ನೊಂದರಲ್ಲಿ ನಿಜ. ಇಂದಿನ ಎರಡು ರೂಪಗಳನ್ನು ಮಾತ್ರ ಎದುರಿಗಿಟ್ಟುಕೊಂಡು ಯಾವುದು ಯಾವುದೆಂದು ಹೇಳಲಾಗದು. ಕಾಲನಿರ್ದೇಶವುಳ್ಳ ಹಳೆಯ ರೂಪಗಳ ಸರಣಿ ಬೇಕು. 1923ರಲ್ಲಿ ಸ್ಥಾಪನೆಯಾದ ಇಂಗ್ಲಿಷ್ ಪ್ಲೇಸ್‌ನೇಮ್ ಸೊಸೈಟಿಯ ಪ್ರಾಂತವಾರು ಸಮೀಕ್ಷೆಯೂ, 1936ರಲ್ಲಿ ಪ್ರಕಟವಾದ ಐಲರ್ಟ್ ಎಕ್ವಾಲ್ ಅವರ ಸ್ಥಳನಾಮ ನಿಘಂಟೂ ಈ ವಿಧಾನವನ್ನು ನೆಲೆಗೊಳಿಸಿದವು.

ಕೆಲವೊಮ್ಮೆ ಎರಡೂ ಸಾಕ್ಷ್ಯಗಳು ಮೌನವಾಗುತ್ತವೆ. ಹಾಮ್ (ವಸತಿ) ಮತ್ತು ಹಮ್ಮ್ (ನೀರು ಅಥವಾ ಜೌಗಿನಿಂದ ಸುತ್ತುವರಿದ ನೆಲ) ಎಂಬ ಎರಡು ಬೇರೆ ಪದಗಳು ಇಂದು ಬರಹದಲ್ಲಿ '-ಹಮ್', ಮಾತಿನಲ್ಲಿ /-ಅಮ್/ ಎಂದು ಒಂದಾಗಿವೆ. ಸಸೆಕ್ಸ್ ತೀರದ 'ಬೊಸ್‌ಹಮ್' /ಬೊಜ಼ಮ್/ ಗ್ರಾಮವನ್ನು ನೋಡಬಹುದು. 11ನೆಯ ಶತಮಾನದ ಬಾಯೊ ಕಸೂತಿಪಟದಲ್ಲಿಯೂ ಈ ಹೆಸರಿದೆ. ಮೊದಲ ಘಟಕ ಬೋಸಾ ಎಂಬ ವ್ಯಕ್ತಿನಾಮ. ಹಳೆಯ ಇಂಗ್ಲಿಷಿನಲ್ಲಿ ಸ್ವರಗಳ ನಡುವಣ ಸಕಾರ ಘೋಷವಾಗುತ್ತಿದ್ದುದರಿಂದ, ಇಂದಿನ ಉಚ್ಚಾರದ 'ಜ಼' ಆ ವ್ಯಕ್ತಿನಾಮಕ್ಕೆ ಹೊಂದುತ್ತದೆ. ಬರಹದ ಸಕಾರ ಈ ಮಾಹಿತಿಯನ್ನು ಕೊಡುವುದಿಲ್ಲ. ಎರಡನೆಯ ಘಟಕ ಹಾಮ್ ಅಥವಾ ಹಮ್ಮ್ ಎಂಬುದನ್ನು ಚರ್ಚಿಸಲು ಮಾತ್ರ ಹಳೆಯ ದಾಖಲೆಯ ಜೊತೆಗೆ ಕಡಲಚಾಚಿನ ಅಂಚಿನಲ್ಲಿರುವ ಆ ಊರಿನ ನೆಲವನ್ನೂ ನೋಡಬೇಕಾಗುತ್ತದೆ. ಭೂಸ್ವರೂಪವನ್ನು ಮೂರನೆಯ ಸಾಕ್ಷ್ಯವಾಗಿ ಕ್ರಮಬದ್ಧವಾಗಿ ಬಳಸಿದ ಶ್ರೇಯ ವಿಶೇಷವಾಗಿ ಮಾರ್ಗರೆಟ್ ಗೆಲ್ಲಿಂಗ್ ಅವರದು.

ಉಚ್ಚಾರಣೆಯು ಪ್ರಾದೇಶಿಕ ಇತಿಹಾಸವನ್ನೂ ಉಳಿಸುತ್ತದೆ. ಲಂಡನ್ನಿನೊಳಗೆ ಸೇರಿಹೋಗಿರುವ ಹಳೆಯ ಗ್ರಾಮ 'ಚಿಸ್‌ವಿಕ್' /ಚಿಜ಼ಿಕ್/, ಉತ್ತರದ ಕಂಬ್ರಿಯಾದ 'ಕೆಸ್‌ವಿಕ್' /ಕೆಜ಼ಿಕ್/. ಎರಡರ ಮೂಲ ಅರ್ಥವೂ 'ಗಿಣ್ಣು ತಯಾರಿಸುವ ತಾಣ'. ದಕ್ಷಿಣದಲ್ಲಿ ಚಕಾರವಿರುವೆಡೆ ಉತ್ತರದಲ್ಲಿ ಕಕಾರವಿದೆ; ಸ್ಕ್ಯಾಂಡಿನೇವಿಯನ್ ಭಾಷಿಕರು ನೆಲಸಿದ ಪ್ರದೇಶದಲ್ಲಿ ಆದ ಧ್ವನಿ ಪರ್ಯಾಯ ಇದು. ಯಾರ್ಕ್‌ಶರ್‌ನ 'ಸ್ಲೇಥ್‌ವೇಟ್' ಗ್ರಾಮದ /ಸ್ಲೌಇಟ್/ ಎಂಬ ಉಚ್ಚಾರದಲ್ಲಿ ನಾರ್ಸ್ ವಾರ್ಗಿಕವಾದ ಥ್ವೇಟ್ ಕೂಡ ಇಂಗ್ಲಿಷ್ ವಾರ್ಗಿಕಗಳಂತೆಯೇ ಸವೆದಿದೆ.

6. ಬರಹಾನುಸಾರಿ ಉಚ್ಚಾರಣೆ ಮತ್ತು ಸಾಕ್ಷ್ಯನಾಶ

ಸಾಕ್ಷರತೆ ವ್ಯಾಪಕವಾದಂತೆ, ಜನರ ಓಡಾಟ ಹೆಚ್ಚಿದಂತೆ, ಹೆಸರನ್ನು ಕೇಳುವ ಮೊದಲೇ ಓದುವವರ ಸಂಖ್ಯೆ ಬೆಳೆಯಿತು. ಅವರಿಗೆ ಲಭ್ಯವಿರುವುದು ಒಂದೇ ಸಾಕ್ಷ್ಯ. ಅವರ ಓದು ಕ್ರಮೇಣ ಊರಿನ ಉಚ್ಚಾರವನ್ನು ಒತ್ತರಿಸುತ್ತದೆ.

ಇದರ ಪರಿಣಾಮವು ಘಟಕಗಳ ಗಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಸೆಕ್ಸ್ ಪ್ರದೇಶದ 'ಹೊರ್ಸ್‌ಹಮ್' ಎಂಬುದು ಹೊರ್ಸ್ (ಕುದುರೆ) ಮತ್ತು ಹಾಮ್ ಎಂಬ ಘಟಕಗಳ ಸಮಾಸ. ಮೊದಲ ಘಟಕದ ಕೊನೆಯ ಸಕಾರ ಸೂಚಕ ಅಕ್ಷರವೂ ಎರಡನೆಯ ಘಟಕದ ಹಕಾರ ಸೂಚಕ ಅಕ್ಷರವೂ ಬರಹದಲ್ಲಿ ಅಕ್ಕಪಕ್ಕ ಬಂದವು. ಇಂಗ್ಲಿಷ್ ಕಾಗುಣಿತದಲ್ಲಿ ಆ ಜೋಡಿ ಷಕಾರದ ಚಿಹ್ನೆ. ಹೀಗಾಗಿ ಇಂದು /ಹೋರ್ಷಮ್/. ಲಿಂಕನ್‌ಶರ್‌ನ ಗ್ರಾಂಥಮ್ ಹೆಸರಿನಲ್ಲಿ ಟಕಾರ ಮತ್ತು ಹಕಾರಗಳ ಅಕ್ಷರಗಳು ಕೂಡಿ ದಂತ್ಯ ಘರ್ಷವಾಗಿ ಓದಿಸಿಕೊಂಡಿವೆ. 'ಎಲ್ಟ್‌ಹಮ್' ಮಾತ್ರ /ಎಲ್ಟಮ್/ ಆಗಿಯೇ ಉಳಿದು, ಹಿಂದೆ ಇತರ ಹೆಸರುಗಳೂ ಹೇಗಿದ್ದಿರಬೇಕೆಂಬುದಕ್ಕೆ ನಿದರ್ಶನವಾಗಿದೆ. ಸಮಾಸದ ಸಂಧಿಸ್ಥಾನವನ್ನು ತಿಳಿಸುತ್ತಿದ್ದ ಉಚ್ಚಾರ ಹೋದೊಡನೆ ಹೆಸರಿನ ರಚನೆಯೇ ಕಿವಿಗೆ ಮರೆಯಾಗುತ್ತದೆ.

'ಸ್ಟಿಫ್‌ಕೀ' ಗ್ರಾಮದಲ್ಲಿಯೂ ಬರಹದಂತೆ ಉಚ್ಚರಿಸುವುದು ಇಂದು ಸಾಮಾನ್ಯ. /ಸ್ಟ್ಯೂಕಿ/ ಎಂಬ ರೂಪವು ಭದ್ರವಾಗಿ ಉಳಿದಿರುವುದು ಅಲ್ಲಿನ ಹೆಸರಾಂತ ಕಡಲಚಿಪ್ಪಿಗಳಿಗೆ ಇರುವ 'ಸ್ಟ್ಯೂಕಿ ಬ್ಲೂಸ್' ಎಂಬ ವಾಣಿಜ್ಯನಾಮದಲ್ಲಿ. ಯಾರ್ಕ್‌ಶರ್‌ನ ಪಾಂಟಿಫ್ರಾಕ್ಟ್ ಪಟ್ಟಣದ ಕಥೆಯೂ ಇದೇ. 'ಮುರಿದ ಸೇತುವೆ' ಎಂಬರ್ಥದ ಲ್ಯಾಟಿನ್ ಬರಹರೂಪವು ಈಗ ಉಚ್ಚಾರವನ್ನೂ ಆಳುತ್ತಿದೆ. ಶೇಕ್ಸ್‌ಪಿಯರ್‌ನ ನಾಟಕಗಳಲ್ಲಿ ಕಾಣುವ 'ಪಾಮ್‌ಫ್ರೆಟ್' ಎಂಬ ಹಳೆಯ ರೂಪವು ಅಲ್ಲಿನ ಅತಿಮಧುರದ ಮಿಠಾಯಿಯ ಹೆಸರಿನಲ್ಲಿ ಉಳಿದಿದೆ. ಊರ ಹೆಸರು ಬದಲಾದರೂ ತಿನಿಸಿನ ಹೆಸರು ಹಳೆಯದನ್ನು ಹಿಡಿದಿಟ್ಟುಕೊಂಡಿರುವುದು ಆಕಸ್ಮಿಕವಲ್ಲ. ತಿನಿಸಿನ ಹೆಸರು ನಕ್ಷೆಯಿಂದ ಕಲಿತದ್ದಲ್ಲ, ಮಾರುವವರ ಮತ್ತು ಕೊಳ್ಳುವವರ ಬಾಯಿಂದ ಕಲಿತದ್ದು.

ಬದಲಾವಣೆಯು ಎಲ್ಲೆಡೆ ಒಂದೇ ವೇಗದಲ್ಲಿ ನಡೆದಿಲ್ಲ. ನಾರ್ಫೋಕಿನ 'ವಿಮೊಂಡ್‌ಹಮ್' /ವಿಂಡಮ್/ ಆಗಿದ್ದರೆ, ಲೆಸ್ಟರ್‌ಶರ್‌ನ ಅದೇ ಕಾಗುಣಿತದ ಗ್ರಾಮವನ್ನು /ವೈಮಂಡಮ್/ ಎಂದು ಉಚ್ಚರಿಸುತ್ತಾರೆ. ಆದ್ದರಿಂದ ಕಾಗುಣಿತದಿಂದ ಉಚ್ಚಾರವನ್ನು ಊಹಿಸುವ ಯಾವ ಸೂತ್ರವೂ ಪ್ರತಿಯೊಂದು ಊರಿನ ದಾಖಲೆಗೆ ಬದಲಿಯಾಗಲಾರದು. ಅಂತಹ ದಾಖಲಾತಿಯಲ್ಲಿ ಕೆಲವು ಮಹತ್ವದ ಹೆಜ್ಜೆಗಳಿವೆ. 1926ರಲ್ಲಿ ಬಿಬಿಸಿ ನೇಮಿಸಿದ ಆಡುಮಾತಿನ ಇಂಗ್ಲಿಷ್ ಸಲಹಾ ಸಮಿತಿಗಾಗಿ ಆರ್ಥರ್ ಲಾಯ್ಡ್ ಜೇಮ್ಸ್ ಅವರು ಇಂಗ್ಲೆಂಡಿನ ಸ್ಥಳನಾಮಗಳ ಉಚ್ಚಾರಣೆಯ ಕಿರುಹೊತ್ತಗೆಯನ್ನು 1930ರಲ್ಲಿ ಸಿದ್ಧಪಡಿಸಿದರು. ಕ್ಲೌಸ್ ಫೋರ್‌ಸ್ಟರ್ ಅವರ ಸ್ಥಳನಾಮ ಉಚ್ಚಾರಣಾ ನಿಘಂಟು 1981ರಲ್ಲಿ ಬಂತು. ಇಂತಹ ಕೃತಿಗಳು ಉಚ್ಚಾರಣೆಗೂ ಬರಹದಷ್ಟೇ ಬಾಳಿಕೆಯನ್ನು ಒದಗಿಸುತ್ತವೆ. ಬರಹರೂಪಗಳು ದಾಖಲೆಗಾರಗಳಲ್ಲಿ ಕಾಯಬಲ್ಲವು; ದಾಖಲಾಗದ ಉಚ್ಚಾರಣೆಯು ಅದನ್ನಾಡುವ ಕೊನೆಯ ತಲೆಮಾರಿನೊಡನೆ ಮುಗಿಯುತ್ತದೆ.

7. ಕನ್ನಡ ಲಿಪ್ಯಂತರ ಮತ್ತು ಕನ್ನಡ ಸ್ಥಳನಾಮ ಅಧ್ಯಯನ

ಈ ವಿಷಯವು ಕನ್ನಡಕ್ಕೆ ಎರಡು ಕಡೆ ನೇರವಾಗಿ ತಾಗುತ್ತದೆ. ಮೊದಲನೆಯದು ಲಿಪ್ಯಂತರ. ಇಂಗ್ಲಿಷ್ ಲಿಪಿಯಲ್ಲಿ ಬರೆಯುವವರು ಕಾಗುಣಿತವನ್ನು ನಕಲಿಸಿ ಉಚ್ಚಾರದ ನಿರ್ಣಯವನ್ನು ಓದುಗನಿಗೆ ಬಿಡಬಹುದು. ಕನ್ನಡ ಲಿಪಿಯಲ್ಲಿ ಆ ಅವಕಾಶವಿಲ್ಲ; ಬರೆದೊಡನೆ ಉಚ್ಚಾರವೊಂದನ್ನು ನಿರ್ಣಯಿಸಿದಂತಾಗುತ್ತದೆ. ನಮ್ಮ ಭೂಗೋಳದ ಪಾಠಗಳಲ್ಲಿ ಶೂನ್ಯ ರೇಖಾಂಶದ ಊರು 'ಗ್ರೀನ್‌ವಿಚ್' ಎಂದು ರೂಢಿಗೊಂಡಿರುವುದು ಬರಹವನ್ನು ಅನುಸರಿಸಿದ ನಿರ್ಣಯ. ರೂಢಿಗೊಂಡ ಇಂತಹ ರೂಪಗಳನ್ನು ತಿದ್ದುವ ಅಗತ್ಯವಿಲ್ಲ. ಆದರೆ ವಿದ್ವತ್ ಬರವಣಿಗೆಯಲ್ಲಿ, ನಿಘಂಟು ಮತ್ತು ವಿಶ್ವಕೋಶಗಳಲ್ಲಿ, ಬರಹಾನುಸಾರಿ ರೂಪ ಮತ್ತು ಉಚ್ಚಾರಾನುಸಾರಿ ರೂಪಗಳನ್ನು ಬೇರೆಬೇರೆ ಚಿಹ್ನೆಗಳೊಡನೆ ಕೊಡುವ ಪದ್ಧತಿ ಅಗತ್ಯ. ಈ ಲೇಖನದ ಲೇಖನಕ್ರಮವು ಆ ದಿಕ್ಕಿನ ಒಂದು ಸಲಹೆ.

ಎರಡನೆಯದು ನಮ್ಮದೇ ಸ್ಥಳನಾಮಗಳ ಅಧ್ಯಯನ. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಇಂಗ್ಲಿಷ್ ಕಾಗುಣಿತವು ಕನ್ನಡ ರೂಪಕ್ಕೆ ಸಮೀಪವಾಗುವಂತೆ ಅಧಿಕೃತವಾಗಿ ಬದಲಾಯಿತು. ಅಲ್ಲಿ ಬರಹವನ್ನು ನಾಲಿಗೆಯ ಸಮೀಪಕ್ಕೆ ತರಲಾಯಿತು. ಇಂಗ್ಲೆಂಡಿನ ಹಳ್ಳಿಗಳಲ್ಲಿ ನಾಲಿಗೆಯೇ ಬರಹದ ಕಡೆಗೆ ಸರಿಯುತ್ತಿದೆ. ಆದರೆ ಕನ್ನಡದೊಳಗೂ ಗ್ರಂಥಸ್ಥ ರೂಪಕ್ಕೂ ಊರಿನವರ ರೂಪಕ್ಕೂ ಅಂತರವಿದೆ. '-ಹಳ್ಳಿ' ಎಂಬ ವಾರ್ಗಿಕದ ಹಕಾರವು ಅನೇಕ ಪ್ರದೇಶಗಳ ಆಡುಮಾತಿನಲ್ಲಿ ಲೋಪವಾಗಿ '-ಳ್ಳಿ' ಉಳಿಯುತ್ತದೆ. '-ಪಟ್ಟಣ' ಎಂಬುದು '-ಪಟ್ಣ' ಆಗುತ್ತದೆ. ಹಾಮ್ ಎಂಬುದು /-ಅಮ್/ ಆದದ್ದರೊಡನೆ ಇದನ್ನು ಹೋಲಿಸಬಹುದು. ಆದರೆ ಕನ್ನಡದ ಆಘಾತ ವ್ಯವಸ್ಥೆ ಬೇರೆಯಾದ್ದರಿಂದ ಕಾರಣಗಳನ್ನು ಕನ್ನಡದ ಒಳಗಿನಿಂದಲೇ ಹುಡುಕಬೇಕು. ಶಾಸನರೂಪಗಳ ಸಂಗ್ರಹದಲ್ಲಿ ಕನ್ನಡ ಅಧ್ಯಯನಕ್ಕೆ 'ಎಪಿಗ್ರಾಫಿಯ ಕರ್ನಾಟಿಕ'ದಂತಹ ದೊಡ್ಡ ಆಧಾರವಿದೆ. ಗ್ರಾಮವಾರು ಆಡುರೂಪಗಳ ಧ್ವನಿಲಿಪಿ ಸಂಗ್ರಹವನ್ನು ಅದರ ಜೊತೆಗೆ ಇಟ್ಟಾಗ ಮಾತ್ರ ಶಾಸನರೂಪದಿಂದ ಇಂದಿನ ರೂಪದವರೆಗಿನ ಸರಣಿ ಪೂರ್ಣವಾಗುತ್ತದೆ.

8. ಉಪಸಂಹಾರ

ಇಂಗ್ಲೆಂಡಿನ ಗ್ರಾಮನಾಮಗಳಲ್ಲಿ ಬರಹ ಮತ್ತು ಉಚ್ಚಾರಣೆಗಳು ಒಂದೇ ಮೂಲದಿಂದ ಹೊರಟು ಬೇರೆಬೇರೆ ಕೈಗಳಲ್ಲಿ ಸಾಗಿಬಂದ ಎರಡು ಪಾಠಗಳು. ಗ್ರಂಥಸಂಪಾದಕನು ಒಂದು ಹಸ್ತಪ್ರತಿಯನ್ನು ಇನ್ನೊಂದರ ಎದುರಿಗಿಟ್ಟು ಓದುವಂತೆ ಇವುಗಳನ್ನೂ ಓದಬೇಕಾಗುತ್ತದೆ. 'ಹೌಟ್‌ಬೊಯ್ಸ್' ಹೆಸರಿನಲ್ಲಿ ಬಾಯಿಯ ಪಾಠ ಶುದ್ಧ, 'ಬೆಲ್‌ವೊಯ್ರ್' ಹೆಸರಿನಲ್ಲಿ ಬರಹದ ಪಾಠ ಶುದ್ಧ, '-ಹಮ್' ಹೆಸರುಗಳಲ್ಲಿ ಎರಡೂ ಸಾಲವು. ಯಾವುದು ಎಲ್ಲಿ ಶುದ್ಧ ಎಂಬುದನ್ನು ಮೊದಲೇ ತಿಳಿಯುವ ದಾರಿಯಿಲ್ಲದಿರುವುದರಿಂದ ಎರಡನ್ನೂ ಉಳಿಸಿಕೊಳ್ಳಬೇಕು. ಅವುಗಳಲ್ಲಿ ಒಂದನ್ನು ಉಳಿಸಲು ದಾಖಲೆಗಾರವಿದೆ. ಇನ್ನೊಂದಕ್ಕೆ ಕ್ಷೇತ್ರಕಾರ್ಯವೊಂದೇ ಆಧಾರ. ಅದಕ್ಕೆ ಇರುವ ಕಾಲಾವಕಾಶ, ಅಲ್ಲಿಯೂ ಇಲ್ಲಿಯೂ, ಆ ರೂಪಗಳನ್ನು ಇಂದಿಗೂ ಆಡುತ್ತಿರುವ ಹಿರಿಯರ ಆಯುಷ್ಯದಷ್ಟೇ.